ಅನ್ನದ ಲೆಕ್ಕ ಕೇಳಿದ ವಿದ್ಯಾರ್ಥಿಗಳು

2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ತಟ್ಟೆಗೆ ಬೇಯಿಸಿದ ಮೊಟ್ಟೆ ಬಂತು. ಒಲ್ಲದವರಿಗೆ ಬಾಳೆಹಣ್ಣು. ಈ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಬೇರೆಡೆಗಿಂತ ಹೆಚ್ಚು ಎಂಬುದು ಸರ್ಕಾರ ಕೊಟ್ಟ ಕಾರಣ. ಕೆಲವು ಮಠಾಧೀಶರೂ ಸಂಘಟನೆಗಳೂ ಇದನ್ನು ವಿರೋಧಿಸಿದರು. ಪರ–ವಿರೋಧದ ಮಾತೆಲ್ಲ ದೊಡ್ಡವರ ನಡುವೆಯೇ ನಡೆದಿತ್ತು. ಆಗ ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ವಿದ್ಯಾರ್ಥಿಗಳು ಬೀದಿಗೆ ಬಂದರು. ಅವರಲ್ಲಿ ಒಬ್ಬ ಹುಡುಗಿ ಕ್ಯಾಮೆರಾದ ಎದುರು ಆಡಿದ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ ರಾಜ್ಯವನ್ನೆಲ್ಲ ಸುತ್ತಿತು. ನಮ್ಮ ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂಬುದು ಆ ಮಾತಿನ ತಿರುಳು. ಕೆಲವರಿಗೆ ಅದು ಉದ್ಧಟತನವಾಗಿ ಕೇಳಿತು. ನನಗೆ ಅದು ಹಕ್ಕಿನ ಮಾತಾಗಿಯೇ ಕೇಳಿತು. ತಟ್ಟೆ ತನ್ನದು, ದೇಹ ತನ್ನದು, ಅದಕ್ಕೇನು ಬೇಕೆಂದು ತನ್ನನ್ನೂ ಕೇಳಿ ಎಂದಳು, ಅಷ್ಟೆ.

ಬೀದಿಯಲ್ಲಿ ಈ ಮಾತು ನಡೆದಿದ್ದಾಗ ಇನ್ನೊಂದು ಕಡೆ ಸದ್ದಿಲ್ಲದೆ ತೂಕದ ಯಂತ್ರ ಕೆಲಸ ಮಾಡುತ್ತಿತ್ತು. ಗದಗದ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗದ ಮಕ್ಕಳನ್ನೂ ಅಳೆದು ತೂಗಿ ಹೋಲಿಸಿದರು. ಮೊಟ್ಟೆ ತಿಂದ ಮಕ್ಕಳ ಬೆಳವಣಿಗೆ ಚೆನ್ನಾಗಿದೆ ಎಂದು ಅಂಕಿಗಳು ತೋರಿಸಿದವು. ಮುಂದೆ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವು ಸೇರಿ, ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನಕ್ಕೆ ಏರಿತು. ಹುಡುಗಿಯೊಬ್ಬಳ ಮಾತಿನಿಂದಲೇ ಇದೆಲ್ಲ ಆಯಿತು ಎಂದರೆ ಅತಿಯಾದೀತು. ಆದರೆ ಒಂದು ಕಡೆ ಹಕ್ಕಿನ ದನಿ, ಇನ್ನೊಂದು ಕಡೆ ತೂಕದ ಪುಸ್ತಕ, ಎರಡೂ ಒಟ್ಟಿಗೆ ಇದ್ದದ್ದರಿಂದ ವಿರೋಧದ ಮಾತು ಗೆಲ್ಲಲಿಲ್ಲ ಎಂದು ನಾನು ನಂಬುತ್ತೇನೆ.

ವಿದ್ಯಾರ್ಥಿಗಳು ಹಸಿವಿನ ವಿರುದ್ಧ ಏನು ಮಾಡಬಲ್ಲರು ಎಂದು ಕೇಳಿದಾಗ ನಮಗೆ ಸಾಮಾನ್ಯವಾಗಿ ನೆನಪಾಗುವುದು ಅನ್ನದ ಪೊಟ್ಟಣ, ಅಕ್ಕಿಯ ಚೀಲ, ದೇಣಿಗೆಯ ಡಬ್ಬಿ. ಅದು ಬೇಕು. ಇವತ್ತು ರಾತ್ರಿ ಹಸಿದವರಿಗೆ ಇವತ್ತೇ ಅನ್ನ ಬೇಕು. ಆದರೆ ಸರ್ಕಾರದ ಉಗ್ರಾಣಗಳಲ್ಲಿ ಧಾನ್ಯ ತುಂಬಿರುವ ದೇಶದಲ್ಲಿ ಒಂದು ಮನೆ ಉಪವಾಸ ಮಲಗುತ್ತದೆ ಎಂದರೆ, ಉಗ್ರಾಣದಿಂದ ಆ ಮನೆಯವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಕೊಂಡಿ ಕಳಚಿದೆ. ಆ ಜಾಗ ಬಹಳ ಸಲ ನಮ್ಮೂರಿನಲ್ಲೇ ಇರುತ್ತದೆ. ಅದನ್ನು ಹುಡುಕಿ, ಬರೆದು, ಎಲ್ಲರೆದುರು ಓದಿ ಹೇಳುವ ಕೆಲಸಕ್ಕೆ ವಿದ್ಯಾರ್ಥಿಗಳಷ್ಟು ತಕ್ಕವರು ಬೇರೆ ಸಿಗುವುದು ಕಷ್ಟ. ಅವರಿಗೆ ಓದು ಬರಹ ಬರುತ್ತದೆ, ಕಾಲಲ್ಲಿ ಶಕ್ತಿಯಿದೆ, ಊರಿನ ರಾಜಕೀಯದಲ್ಲಿ ಇನ್ನೂ ಪಾಲಿಲ್ಲ.

ನಮ್ಮ ನಾಡಿನಲ್ಲಿ ವಿದ್ಯಾರ್ಥಿಗೂ ಅನ್ನಕ್ಕೂ ಇರುವ ನಂಟು ಹಳೆಯದು. ಬಹುಕಾಲ ವಿದ್ಯಾರ್ಥಿ ಉಣ್ಣುವವನಾಗಿದ್ದ, ಊರು ಉಣಿಸುತ್ತಿತ್ತು. ಹಳೆಯ ಮೈಸೂರಿನ ಕಡೆ ವಾರಾನ್ನ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಊಟ ಹೊಂದಿಸಿಕೊಂಡು ಓದಿದವರ ಮಾತು ನಮ್ಮ ಹಿರಿಯರ ಆತ್ಮಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಕಂತಿಭಿಕ್ಷೆ, ಕೋರಾನ್ನ. ಜೋಳಿಗೆ ಹಾಕಿಕೊಂಡು ಮನೆ ಮನೆಗೆ ಹೋದ ಹುಡುಗರು ತಂದ ರೊಟ್ಟಿ, ಪಲ್ಯವನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತಿದ್ದರು. ಮುಷ್ಟಿ ಫಂಡು ಇನ್ನೊಂದು ಬಗೆ. ಮನೆಯಾಕೆ ದಿನವೂ ಅಡುಗೆಗೆ ಮುನ್ನ ಒಂದು ಹಿಡಿ ಜೋಳವನ್ನೋ ಹಿಟ್ಟನ್ನೋ ಗಡಿಗೆಯಲ್ಲಿ ಎತ್ತಿಟ್ಟರೆ, ಆಗಾಗ ಬೋರ್ಡಿಂಗಿನ ಹುಡುಗರು ಬಂದು ಒಯ್ಯುತ್ತಿದ್ದರು. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯದಂಥ ಕಡೆಗಳಲ್ಲಿ ಉಂಡು ಬೆಳೆದವರಿಂದ ಉತ್ತರ ಕರ್ನಾಟಕದ ಎಷ್ಟೋ ಶಾಲೆ, ಕಚೇರಿ, ನ್ಯಾಯಾಲಯಗಳು ತುಂಬಿದವು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ದಿನವೂ ಸಾವಿರಾರು ಮಕ್ಕಳು ಸಾಲುಪಂಕ್ತಿಯಲ್ಲಿ ಕೂತು ಉಂಡರು. ಈಗಲೂ ಉಣ್ಣುತ್ತಾರೆ.

ಈ ಪರಂಪರೆಯನ್ನು ನೆನೆದರೆ ಕಣ್ಣು ತುಂಬುವುದು ನಿಜ. ಆದರೆ ಇನ್ನೊಂದನ್ನೂ ಹೇಳಲೇಬೇಕು. ವಾರಾನ್ನದ ಬಾಗಿಲು ಜಾತಿ ಕೇಳಿ ತೆರೆಯುತ್ತಿತ್ತು. ದಲಿತ ಹುಡುಗನಿಗೆ ಸೋಮವಾರದ ಮನೆಯೂ ಇರಲಿಲ್ಲ, ಮಂಗಳವಾರದ ಮನೆಯೂ ಇರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಮೈಸೂರು ಸೀಮೆಯಲ್ಲಿ ಗೋಪಾಲಸ್ವಾಮಿ ಅಯ್ಯರ್ ಅಂಥವರು ದಲಿತ ಮಕ್ಕಳಿಗೆ ಶಾಲೆ, ವಿದ್ಯಾರ್ಥಿನಿಲಯ ಕಟ್ಟಲು ಹೊರಟು ಊರವರ ಬೈಗುಳ ತಿನ್ನಬೇಕಾಯಿತು. ಕೊಡುವವರ ಮನಸ್ಸಿಗೆ ಬಿಟ್ಟ ಅನ್ನ ಎಲ್ಲರ ಮನೆಗೂ ಮುಟ್ಟಲಿಲ್ಲ. ಆ ಅನ್ನ ಹಕ್ಕಾಗಬೇಕು ಎಂಬ ಕೂಗಿನ ಬೇರು ಇಲ್ಲಿದೆ.

ವಿದ್ಯಾರ್ಥಿಯನ್ನು ಉಣ್ಣುವ ಸಾಲಿನಿಂದ ಎಬ್ಬಿಸಿ ದುಡಿಯುವ ಸಾಲಿಗೆ ಕರೆತರಬೇಕೆಂಬ ಯೋಚನೆ ಗಾಂಧೀಜಿಯವರ ಕಾಲದಿಂದಲೂ ಇತ್ತು. ಅದಕ್ಕೊಂದು ಸರ್ಕಾರಿ ರೂಪ ಬಂದದ್ದು 1969ರ ಸೆಪ್ಟೆಂಬರ್ 24ರಂದು. ಅಂದು ಕೇಂದ್ರದ ಶಿಕ್ಷಣ ಸಚಿವರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು, ಅಂದರೆ ಎನ್ಎಸ್ಎಸ್ ಅನ್ನು, ಆರಂಭಿಸಿದರು. ಸೇರಿದ ವಿದ್ಯಾರ್ಥಿಗಳು 40,000. ರಾವ್ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಹೋಗಿದ್ದವರು. ಮೂಲತಃ ಅರ್ಥಶಾಸ್ತ್ರಜ್ಞರು. ಬ್ರಿಟಿಷರ ಕಾಲದ ಭಾರತದಲ್ಲಿ ರಾಷ್ಟ್ರೀಯ ಆದಾಯ ಎಷ್ಟು ಎಂದು ಶಾಸ್ತ್ರೀಯವಾಗಿ ಲೆಕ್ಕ ಹಾಕಿದವರಲ್ಲಿ ಮೊದಲಿಗರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ಮುಂದೆ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು, ಅಂದರೆ ಐಸೆಕ್ ಅನ್ನು, ಸ್ಥಾಪಿಸಿದವರು. ಹಳ್ಳಿಯ ಬಡತನವನ್ನು ಅಂಕಿಯಲ್ಲಿ ಕಂಡವರೇ ಕಾಲೇಜಿನ ಹುಡುಗರನ್ನು ಹಳ್ಳಿಗೆ ಕಳಿಸುವ ಯೋಜನೆಯನ್ನೂ ತಂದರು ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. 1973ರಲ್ಲಿ, ದೇಶದ ಹಲವು ಕಡೆ ಬರ ಬಿದ್ದಿದ್ದಾಗ, ಎನ್ಎಸ್ಎಸ್ ಶಿಬಿರಗಳ ಘೋಷಣೆಯೇ ಬರದ ವಿರುದ್ಧ ಯುವಜನರು ಎಂಬುದಾಗಿತ್ತು.

ಇವತ್ತಿನ ನಿಯಮದಂತೆ ಒಬ್ಬ ಸ್ವಯಂಸೇವಕ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಏಳು ದಿನದ ವಿಶೇಷ ಶಿಬಿರದಲ್ಲಿ ಇರಬೇಕು. ನಾನು ಕಂಡ ಶಿಬಿರಗಳಲ್ಲಿ ಹುಡುಗರು ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯುತ್ತಾರೆ, ಚರಂಡಿ ಎತ್ತುತ್ತಾರೆ, ಸಂಜೆ ಹಾಡು, ನಾಟಕ, ಗಣ್ಯರ ಭಾಷಣ. ಬೆವರು ಸುರಿಸುವುದರಲ್ಲಿ ಅವರಿಗೆ ಜಿಪುಣತನವಿಲ್ಲ. ಆದರೆ ಶಿಬಿರ ಮುಗಿಸಿ ಬಸ್ ಹತ್ತುವಾಗ ಆ ಊರಲ್ಲಿ ಎಷ್ಟು ಮನೆಗೆ ಪಡಿತರ ಚೀಟಿ ಇಲ್ಲ, ಅಂಗನವಾಡಿಗೆ ಬರಬೇಕಾದ ಎಷ್ಟು ಮಕ್ಕಳು ಬರುತ್ತಿಲ್ಲ, ವಿಧವಾ ವೇತನ ಯಾರಿಗೆ ನಿಂತಿದೆ ಎಂದು ಅವರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಏಳು ದಿನದಲ್ಲಿ ಮೂರು ದಿನವನ್ನಾದರೂ ಮನೆ ಮನೆಯ ಪಡಿತರದ ಲೆಕ್ಕಕ್ಕೆ ಕೊಟ್ಟರೆ ಆ ಊರಿಗೆ ಹತ್ತು ವರ್ಷ ನಿಲ್ಲುವ ಉಪಕಾರವಾದೀತು.

ಅಂಥ ಲೆಕ್ಕ ಹೇಗಿರುತ್ತದೆ ಎಂದು ತೋರಿಸಿಕೊಟ್ಟವರು ಉತ್ತರ ಭಾರತದ ವಿದ್ಯಾರ್ಥಿಗಳು. ಇದರ ಹಿನ್ನೆಲೆ 2001. ಆ ವರ್ಷ ಸರ್ಕಾರದ ಗೋದಾಮುಗಳಲ್ಲಿ 5 ಕೋಟಿ ಟನ್ನಿಗೂ ಹೆಚ್ಚು ಧಾನ್ಯವಿತ್ತು, ರಾಜಸ್ಥಾನದಲ್ಲಿ ಸತತ ಬರವಿತ್ತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ಕೋರ್ಟು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದೆಡೆ ಹಬ್ಬಿದ್ದು ಈ ಅಲೆಯಲ್ಲೇ. ಕಾಗದದ ಮೇಲೆ ಹಕ್ಕು ಬಂತು. ಅದು ತಟ್ಟೆಗೆ ಬರುತ್ತಿದೆಯೇ ಎಂದು ನೋಡುವವರು ಯಾರು?

ಅರ್ಥಶಾಸ್ತ್ರಜ್ಞ ಜಾನ್ ಡ್ರೇಝ್ ಇದಕ್ಕೆ ವಿದ್ಯಾರ್ಥಿಗಳನ್ನೇ ಕರೆದರು. ಬೆಲ್ಜಿಯಂನಲ್ಲಿ ಹುಟ್ಟಿ, ಭಾರತಕ್ಕೆ ಬಂದು ಇಲ್ಲಿಯ ಪೌರತ್ವ ಪಡೆದವರು ಅವರು. ಪಾಠ ಮಾಡಿದ ಕಡೆಗಳಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕೂಡ ಒಂದು. ಬಳ್ಳಾರಿಯ ಸಂಸದರು ನೆಟ್ಟ ಎರಡು ಸಸಿಗಳು, ಹಳ್ಳಿಗೆ ಹೋಗುವ ವಿದ್ಯಾರ್ಥಿ ಮತ್ತು ಲೆಕ್ಕ ಹಾಕುವ ವಿದ್ಯಾರ್ಥಿ, ಡ್ರೇಝ್ ಅವರ ಶಿಬಿರಗಳಲ್ಲಿ ಒಂದಾದವು ಎನ್ನಬಹುದು. ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರು ಕೆಲವು ದಿನ ತರಬೇತಿ ಪಡೆದು ಸಣ್ಣ ತಂಡಗಳಾಗಿ ಹಳ್ಳಿಗಳಿಗೆ ಹೋಗುತ್ತಿದ್ದರು. 2008ರ ಮೇ–ಜೂನ್‌ನಲ್ಲಿ ಹಿಂದಿ ಮಾತಾಡುವ ಆರು ರಾಜ್ಯಗಳಲ್ಲಿ ಉದ್ಯೋಗ ಖಾತರಿಯ ಸಮೀಕ್ಷೆ ನಡೆಯಿತು. 2011ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಪಡಿತರದ ಸಮೀಕ್ಷೆ. ಇದನ್ನು ದೆಹಲಿ ಐಐಟಿಯ ರೀತಿಕಾ ಖೇರಾ ಅವರೂ ಡ್ರೇಝ್ ಅವರೂ ಮುನ್ನಡೆಸಿದರು. ವಿದ್ಯಾರ್ಥಿಗಳು ಮುಟ್ಟಿದ್ದು 106 ಹಳ್ಳಿ, 1,227 ಮನೆ.

ಮೇ ತಿಂಗಳ ಬಿಸಿಲಿನಲ್ಲಿ ಒಂದು ಮನೆಯ ಮುಂದೆ ಕೂತು ಈ ಕೆಲಸ ಮಾಡುವುದು ಸುಲಭವಲ್ಲ. ಮೊದಲು ಕಾರ್ಡು ನೋಡಬೇಕು. ಕಾರ್ಡಿನಲ್ಲಿ ಬರೆದದ್ದೇ ಒಂದು, ಮನೆಯವರು ಹೇಳುವುದೇ ಒಂದು. ತಿಂಗಳಿಗೆ ಎಷ್ಟು ಕಿಲೊ ಬರಬೇಕು, ಎಷ್ಟು ಬಂತು, ಯಾವ ತಾರೀಖಿಗೆ ಬಂತು, ಎಷ್ಟು ದುಡ್ಡು ಕೊಟ್ಟಿರಿ ಎಂದು ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು. ಒಟ್ಟಿಗೆ ಕೇಳಿದರೆ ಎಲ್ಲ ಸರಿಯಾಗಿದೆ ಎಂಬ ಒಂದೇ ಉತ್ತರ ಬರುತ್ತದೆ. ಅಂಗಡಿಯವನು ಪಕ್ಕದಲ್ಲಿ ನಿಂತಿದ್ದರೆ ಯಾರೂ ನಿಜ ಹೇಳರು. ಉದ್ಯೋಗ ಖಾತರಿಯಾದರೆ ಎನ್ಎಂಆರ್ ಹಾಜರಿ ಪಟ್ಟಿಯನ್ನು ಮುಂದಿಟ್ಟುಕೊಂಡು, ಅದರಲ್ಲಿರುವ ಹೆಸರಿನವರನ್ನು ಹುಡುಕಿ, ಈ ದಿನ ಕೆಲಸಕ್ಕೆ ಹೋಗಿದ್ದೀರಾ ಎಂದು ಕೇಳಬೇಕು. ಸತ್ತವರ ಹೆಸರಲ್ಲಿ, ಊರು ಬಿಟ್ಟವರ ಹೆಸರಲ್ಲಿ ಕೂಲಿ ಎತ್ತಿದ್ದು ಹೀಗೆಯೇ ಬಯಲಾಗುತ್ತದೆ.

2011ರ ಸಮೀಕ್ಷೆಯಿಂದ ಹೊರಬಿದ್ದ ಸಂಗತಿ ಹಲವರನ್ನು ಬೆರಗುಗೊಳಿಸಿತು. ಪಡಿತರ ವ್ಯವಸ್ಥೆ ಪೂರ್ತಿ ಕೊಳೆತಿದೆ, ಮುಚ್ಚಿಬಿಡಿ ಎಂದು ನಗರದ ಪಂಡಿತರು ವಾದಿಸುತ್ತಿದ್ದ ಕಾಲ ಅದು. ವಿದ್ಯಾರ್ಥಿಗಳು ಮಾತಾಡಿಸಿದ ಮನೆಗಳು, ತಮಗೆ ಸಲ್ಲಬೇಕಾದ ಧಾನ್ಯದಲ್ಲಿ ಒಟ್ಟಾರೆ ಶೇ 84ರಿಂದ 88ರಷ್ಟು ಸಿಗುತ್ತಿದೆ ಎಂದವು. ಬಿಹಾರ ಬಹಳ ಹಿಂದಿತ್ತು. ಛತ್ತೀಸಗಡ ಮೇಲೆದ್ದಿತ್ತು. ಅಲ್ಲಿ 2004ರಿಂದ ಖಾಸಗಿ ವ್ಯಾಪಾರಿಗಳ ಕೈಯಿಂದ ಅಂಗಡಿಗಳನ್ನು ತೆಗೆದು ಪಂಚಾಯಿತಿ, ಸಹಕಾರ ಸಂಘ, ಸ್ತ್ರೀಶಕ್ತಿ ಗುಂಪುಗಳಂಥ ಸಂಸ್ಥೆಗಳಿಗೆ ಕೊಟ್ಟಿದ್ದರು. ಪಡಿತರದ ಲಾರಿಗಳಿಗೆ ಹಳದಿ ಬಣ್ಣ ಬಳಿದಿದ್ದರಿಂದ ಅಕ್ಕಿ ದಾರಿ ತಪ್ಪಿದರೆ ಯಾರಿಗಾದರೂ ಕಾಣುತ್ತಿತ್ತು. ಎಲ್ಲಿ ಕೆಡುತ್ತದೆ ಎಂಬುದರ ಜೊತೆಗೆ ಎಲ್ಲಿ, ಯಾಕೆ ಸರಿಯಾಯಿತು ಎಂಬುದನ್ನೂ ಆ ಹುಡುಗರು ಬರೆದು ತಂದರು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬರುವ ಹೊತ್ತಿಗೆ ನಡೆದ ಚರ್ಚೆಯಲ್ಲಿ ಈ ಅಂಕಿಗಳು ಗಟ್ಟಿಯಾಗಿ ನಿಂತವು.

ಅಕ್ಕಿ ಬೇಕೋ, ಅದರ ಬದಲು ದುಡ್ಡು ಬೇಕೋ ಎಂದೂ ಅವರು ಕೇಳಿದ್ದರು. ಅಂಗಡಿ ಸರಿಯಾಗಿ ನಡೆಯುತ್ತಿದ್ದ ಕಡೆ ಹೆಚ್ಚಿನವರು ಅಕ್ಕಿ ಎಂದರು. ಕೆಟ್ಟುಹೋಗಿದ್ದ ಬಿಹಾರದಲ್ಲಿ ದುಡ್ಡೇ ಇರಲಿ ಎಂದವರು ಬಹಳ. ಈ ಪ್ರಶ್ನೆ ಮುಂದೆ ನಮ್ಮ ಮನೆಬಾಗಿಲಿಗೇ ಬಂತು. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕಿಲೊಗೆ ಅಕ್ಕಿ ಹೊಂದಿಸಲಾಗದೆ, ಕಿಲೊಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಲು ರಾಜ್ಯ ಸರ್ಕಾರ ಶುರುಮಾಡಿತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ ಬಂತು. ಆ ನಡುವಿನ ತಿಂಗಳುಗಳಲ್ಲಿ ಯಾವ ಮನೆಗೆ ದುಡ್ಡು ಬಂತು, ಯಾರ ಖಾತೆಗೆ ಬಿದ್ದದ್ದು ಅಡುಗೆಮನೆಗೆ ಬರಲಿಲ್ಲ, ಅಂಗಡಿಯ ಅಕ್ಕಿಯ ಬೆಲೆಗೆ 34 ರೂಪಾಯಿ ಸಾಲಿತೇ ಎಂಬುದನ್ನು ಕೇಳಿ ತಿಳಿಯಲು ನಮ್ಮ ಪ್ರತಿ ತಾಲ್ಲೂಕಿನ ಪದವಿ ಕಾಲೇಜಿನ ಅರ್ಥಶಾಸ್ತ್ರ ವಿಭಾಗಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಬಸ್ಸಿನ ಚಾರ್ಜು. ಅಂಥ ವಿಷಯ ಕೈಗೆಟುಕುವಷ್ಟು ಹತ್ತಿರ ಇದ್ದಾಗ ಕಿರುಪ್ರಬಂಧಕ್ಕೆ ಹಳೆಯ ಪುಸ್ತಕದಿಂದ ನಕಲು ಮಾಡಿಸುವುದು ನನ್ನನ್ನು ಬಹಳ ನೋಯಿಸುತ್ತದೆ.

ಲೆಕ್ಕ ಕೇಳುವುದು ಅಪಾಯದ ಕೆಲಸವೂ ಹೌದು. 2008ರ ಮೇ ತಿಂಗಳಲ್ಲಿ ಜಾರ್ಖಂಡಿನ ಪಲಾಮು ಜಿಲ್ಲೆಯಲ್ಲಿ ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆಗೆ ಹೊರಗಿನಿಂದ ವಿದ್ಯಾರ್ಥಿಗಳು ಬಂದಿದ್ದರು. ಅವರಿಗೆ ನೆರವಾಗಿ ನಿಂತಿದ್ದ ಸ್ಥಳೀಯ ಕಾರ್ಯಕರ್ತ ಲಲಿತ್ ಮೆಹ್ತಾ ಕೊಲೆಯಾದರು. ವಿದ್ಯಾರ್ಥಿಗಳು ಹೆದರಿ ಮನೆಗೆ ಮರಳಬಹುದಿತ್ತು, ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಪರಿಶೋಧನೆ ನಿಲ್ಲಲಿಲ್ಲ. ಇದನ್ನು ಹೇಳುವುದು ನಮ್ಮ ಮಕ್ಕಳನ್ನು ಅಪಾಯಕ್ಕೆ ನೂಕಲು ಅಲ್ಲ. ವಿದ್ಯಾರ್ಥಿಗಳು ಹೋಗುವ ಕಡೆ ಪ್ರಾಧ್ಯಾಪಕರು ಜೊತೆಗಿರಬೇಕು, ಪಂಚಾಯಿತಿಗೆ ಮೊದಲೇ ಪತ್ರ ಹೋಗಿರಬೇಕು, ಒಬ್ಬೊಬ್ಬರೇ ಎಲ್ಲೂ ಹೋಗಬಾರದು. ಅದಕ್ಕಿಂತ ಮುಖ್ಯ, ಹೊರಗಿನಿಂದ ಬಂದವರು ವಾಪಸಾದ ಮೇಲೆ ಊರಲ್ಲಿ ಉಳಿಯುವ ಬಡವರ ಮೇಲೆ ಸಿಟ್ಟು ತೀರಿಸಿಕೊಳ್ಳುವವರು ಇದ್ದಾರೆಂಬ ಎಚ್ಚರ ಬೇಕು. ಯಾರು ಏನು ಹೇಳಿದರು ಎಂಬುದು ಹೊರಗೆ ಬೀಳಬಾರದು.

ಇದು ಬಿಹಾರ, ಜಾರ್ಖಂಡಿನ ಮಾತು, ನಮ್ಮಲ್ಲಿ ಹಾಗಿಲ್ಲ ಎನ್ನುವವರಿದ್ದಾರೆ. 2017ರ ಜುಲೈನಲ್ಲಿ ಉತ್ತರ ಕನ್ನಡದ ಗೋಕರ್ಣದ ಬಳಿ ಒಂದು ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಸತ್ಯಶೋಧನೆಗೆ ಹೋದ ಮಾನವ ಹಕ್ಕು ಕಾರ್ಯಕರ್ತರು, ಆಧಾರ್ ಜೋಡಣೆಯಾಗದ ಕಾರಣಕ್ಕೆ ಆ ಮನೆಗೆ ತಿಂಗಳುಗಟ್ಟಲೆ ಪಡಿತರ ನಿಂತಿತ್ತು ಎಂದು ವರದಿ ಮಾಡಿದರು. ಹಸಿವಿನಿಂದ ಸತ್ತದ್ದಲ್ಲ ಎಂದು ಸರ್ಕಾರದ ಕಡೆಯವರು ವಾದಿಸಿದರು. ಸಾವಿನ ಕಾರಣದ ಬಗ್ಗೆ ವಾದವಿರಲಿ. ಮೂರು ಜೀವ ಹೋಗುವವರೆಗೆ ಆ ಮನೆಯ ಕಾರ್ಡು ನಿಂತಿರುವುದು ಯಾರ ಗಮನಕ್ಕೂ ಬರಲಿಲ್ಲ ಎಂಬುದೇ ನನಗೆ ಸಹಿಸಲಾಗದ ಸಂಗತಿ. ತಿಂಗಳಿಗೊಮ್ಮೆ ಹತ್ತು ಮಂದಿ ವಿದ್ಯಾರ್ಥಿಗಳು ಆ ಕೇರಿಯಲ್ಲಿ ಮನೆ ಮನೆಗೆ ಹೋಗಿ, ಈ ತಿಂಗಳು ಅಕ್ಕಿ ಬಂತೇ ಎಂದು ಕೇಳಿದ್ದರೆ ಅದು ಮೊದಲ ತಿಂಗಳಲ್ಲೇ ತಿಳಿಯುತ್ತಿತ್ತು.

ಕೇಳಲು ಕಾನೂನಿನ ಬಲವೂ ಇದೆ. ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕಾರ್ಡಿನವರಿಗೆ ತಲೆಗೆ 5 ಕಿಲೊ, ಅಂತ್ಯೋದಯದ ಮನೆಗೆ 35 ಕಿಲೊ. ಪಡಿತರದ ದಾಖಲೆಗಳು ಸಾರ್ವಜನಿಕರಿಗೆ ತೆರೆದಿರಬೇಕು, ಸಾಮಾಜಿಕ ಪರಿಶೋಧನೆ ನಡೆಯಬೇಕು, ಅಂಗಡಿಯ ಮಟ್ಟದಲ್ಲೂ ಜಾಗೃತಿ ಸಮಿತಿ ಇರಬೇಕು ಎಂದು ಕಾಯ್ದೆಯ 27, 28, 29ನೇ ಕಲಂಗಳು ಹೇಳುತ್ತವೆ. ನಿಮ್ಮೂರಿನ ನ್ಯಾಯಬೆಲೆ ಅಂಗಡಿಯ ಜಾಗೃತಿ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ ನೋಡಿ, ಎಷ್ಟೋ ಕಡೆ ಅದರ ಸದಸ್ಯರಿಗೇ ಅದು ಗೊತ್ತಿರುವುದಿಲ್ಲ. ಅಂಗಡಿಯಲ್ಲಿ ನೋಡಬೇಕಾದವು ಸಣ್ಣ ಸಣ್ಣ ವಿಷಯ. ದಾಸ್ತಾನಿನ ಬೋರ್ಡು ಈ ತಿಂಗಳದ್ದೋ ಹಳೆಯದೋ. ಹೆಬ್ಬೆಟ್ಟು ಒತ್ತಿಸಿಕೊಂಡ ದಿನವೇ ಅಕ್ಕಿ ಕೊಡುತ್ತಾರೋ, ನಾಳೆ ಬಾ ಎನ್ನುತ್ತಾರೋ. ರಸೀದಿ ಕೊಡುತ್ತಾರೋ. ಗಾರೆ ಕೆಲಸ ಮಾಡಿ, ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದ ಮುದುಕಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿದ್ದರೆ ಏನು ಮಾಡುತ್ತಾರೆ. ಸರ್ವರ್ ಇಲ್ಲ ಎಂಬ ಮಾತಿಗೆ ಕೂಲಿ ಬಿಟ್ಟು ಬಂದವರು ಎಷ್ಟು ಸಲ ತಿರುಗಿಹೋದರು. ದೂರು ಕೊಡಲು 1967 ಎಂಬ ಸಹಾಯವಾಣಿ ಇದೆ. ಆದರೆ ಯಾರ ಕಾರ್ಡು, ಯಾವ ತಿಂಗಳು, ಎಷ್ಟು ಕಿಲೊ ಎಂಬ ವಿವರವಿಲ್ಲದ ದೂರು ಫೋನಿನಲ್ಲೇ ಸತ್ತುಹೋಗುತ್ತದೆ. ಆ ವಿವರ ಬರೆದುಕೊಡುವುದೇ ವಿದ್ಯಾರ್ಥಿಯ ಕೆಲಸ.

ಇಲ್ಲಿ ಅಂಗಡಿಯವನನ್ನು ಕಳ್ಳನೆಂದೇ ನೋಡುತ್ತ ಹೋಗಬಾರದು ಎಂಬುದನ್ನು ಸೇರಿಸಬೇಕು. ಅವನ ಕಮಿಷನ್ ಕಡಿಮೆ, ಗೋದಾಮಿನಿಂದ ಬರುವ ಮೂಟೆಯೇ ತೂಕದಲ್ಲಿ ಕಡಿಮೆ ಇದ್ದರೆ ಅವನೂ ಏನು ಮಾಡಿಯಾನು? ಛತ್ತೀಸಗಡದವರು ಮಾರಾಟಗಾರರ ಕಮಿಷನ್ ಹೆಚ್ಚಿಸಿದ್ದೂ ಸುಧಾರಣೆಯ ಒಂದು ಭಾಗವಾಗಿತ್ತು. ಅವನ ಕಷ್ಟವನ್ನೂ ಬರೆದುಕೊಂಡ ಲೆಕ್ಕವೇ ಪೂರ್ಣ ಲೆಕ್ಕ.

ಅನ್ನ ಹಂಚುವ ವಿದ್ಯಾರ್ಥಿ ಬಳಗಗಳು ಈಗ ನಮ್ಮ ಹಲವು ಊರುಗಳಲ್ಲಿವೆ. ಕಲ್ಯಾಣ ಮಂಟಪದಲ್ಲಿ ಉಳಿದ ಅನ್ನ ಸಾರನ್ನು ರಾತ್ರಿ ಹತ್ತರ ಮೇಲೆ ಡಬ್ಬಿಗೆ ತುಂಬಿಕೊಂಡು ಬಸ್ ನಿಲ್ದಾಣ, ಜಿಲ್ಲಾಸ್ಪತ್ರೆಗಳಿಗೆ ಒಯ್ಯುವವರು. ಅವರ ಮೇಲೆ ನನಗೆ ಗೌರವವಿದೆ. ಆಸ್ಪತ್ರೆಯ ಹೊರಗೆ ಮಲಗುವ ರೋಗಿಯ ಕಡೆಯವರು ಯಾವ ಯೋಜನೆಯ ಪಟ್ಟಿಯಲ್ಲೂ ಇರುವುದಿಲ್ಲ, ಊರಿನ ಕಾರ್ಡು ಅವರಿಗೆ ಅಲ್ಲಿ ಬೇಗ ಉಪಯೋಗಕ್ಕೂ ಬರುವುದಿಲ್ಲ. ಆದರೆ ಮೂರು ನಿಯಮ ಪಾಲಿಸಲೇಬೇಕು ಎಂದು ಅಡುಗೆಯವರು ಹೇಳುತ್ತಾರೆ. ಬಿಸಿ ಆರುವ ಮುನ್ನ ಸಾಗಿಸಬೇಕು, ಮೊಸರು ತೆಂಗಿನಕಾಯಿ ಹಾಕಿದ್ದನ್ನು ಬೇಸಿಗೆಯಲ್ಲಿ ಒಯ್ಯಬಾರದು, ತಾವೇ ಮೊದಲು ತಿಂದು ನೋಡಬೇಕು. ನಾಲ್ಕನೆಯದನ್ನು ನಾನು ಸೇರಿಸುತ್ತೇನೆ: ಉಣ್ಣುವವರ ಮುಖವನ್ನು ಫೋಟೊ ತೆಗೆದು ಹಾಕಬಾರದು. ಪ್ರತಿ ರಾತ್ರಿ ಅದೇ ಜಾಗದಲ್ಲಿ ಅದೇ ಮುಖಗಳು ಕಂಡರೆ, ಅವರಿಗೆ ಪಿಂಚಣಿ ಇದೆಯೇ, ಕಾರ್ಡು ಇದೆಯೇ, ಹತ್ತಿರದ ಇಂದಿರಾ ಕ್ಯಾಂಟೀನ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳುವುದನ್ನೂ ಆ ಬಳಗ ಕಲಿತರೆ ಅದರ ಕೆಲಸ ಇನ್ನಷ್ಟು ದೂರ ಹೋಗುತ್ತದೆ.

ಶಾಲೆಯ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ವೇದಿಕೆ ಇದೆ, ಮಕ್ಕಳ ಗ್ರಾಮಸಭೆ. ಕುಂದಾಪುರದ ಕಡೆ ಕೆರಾಡಿಯಂಥ ಪಂಚಾಯಿತಿಗಳಲ್ಲಿ 1990ರ ದಶಕದಲ್ಲೇ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಪ್ರಯತ್ನದಿಂದ ಮಕ್ಕಳ ಪಂಚಾಯಿತಿಗಳು ಹುಟ್ಟಿದ್ದವು. ಆ ಮಾದರಿಯ ನೆರಳಿನಲ್ಲೇ ಮುಂದೆ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರಿ ಆದೇಶ ಬಂತು. ಕೆಲವು ಕಡೆ ಅದು ಚಾಕೊಲೇಟ್ ಹಂಚಿ ಮುಗಿಸುವ ಸಮಾರಂಭ. ಮೇಷ್ಟ್ರು ಮನಸ್ಸಿಟ್ಟ ಕಡೆ ಮಕ್ಕಳು ಸಿದ್ಧರಾಗಿ ಬರುತ್ತಾರೆ. ಬಿಸಿಯೂಟದ ನೀರಿನ ಟ್ಯಾಂಕು ತೊಳೆದದ್ದು ಯಾವಾಗ? ಒಂದರಿಂದ ಐದನೇ ತರಗತಿಯವರಿಗೆ ತಲೆಗೆ 100 ಗ್ರಾಂ, ಆರರಿಂದ ಎಂಟರವರಿಗೆ 150 ಗ್ರಾಂ ಧಾನ್ಯ ಎಂದು ನಿಯಮವಿದೆ, ಇವತ್ತು ಎಷ್ಟು ಮಕ್ಕಳು ಬಂದರು, ಎಷ್ಟು ಅಕ್ಕಿ ಅಳೆದರು? ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆದರೇ? ಅಡುಗೆಯ ಅಕ್ಕನಿಗೆ ಎಷ್ಟು ತಿಂಗಳಿಂದ ಸಂಬಳ ಬಂದಿಲ್ಲ? ಈ ಕೊನೆಯ ಪ್ರಶ್ನೆಯನ್ನು ಮಕ್ಕಳೇ ಕೇಳಿದರೆ ಪಂಚಾಯಿತಿಯವರು ತಲೆ ತಗ್ಗಿಸುತ್ತಾರೆ. ಬಿಸಿಯೂಟ ಬೇಯಿಸುವ ಹೆಣ್ಣುಮಕ್ಕಳು ಅತಿ ಕಡಿಮೆ ಗೌರವಧನದಲ್ಲಿ ದುಡಿಯುವವರು, ಅವರ ಮನೆಯ ಬಡತನವೂ ಈ ಲೆಕ್ಕದಲ್ಲಿ ಸೇರಬೇಕು.

ಹತ್ತನೇ ತರಗತಿ ಮುಗಿದ ಮರುದಿನ ಬಿಸಿಯೂಟ ನಿಲ್ಲುತ್ತದೆ. ಹಸಿವು ನಿಲ್ಲುವುದಿಲ್ಲ. ನಮ್ಮ ಹಳ್ಳಿಗಾಡಿನಲ್ಲಿ ಪಿಯುಸಿ, ಪದವಿ ಓದುವವರು ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತಾರೆ. ಅಷ್ಟು ಹೊತ್ತಿಗೆ ಕೂಲಿಗೆ ಹೋಗುವ ತಾಯಿಗೆ ಎರಡು ಅಡುಗೆ ಮಾಡಲಾಗುವುದಿಲ್ಲ. ಒಂದು ಟೀ ಕುಡಿದು ಬಂದವರು ಸಂಜೆ ನಾಲ್ಕಕ್ಕೆ ಮನೆಗೆ ಹೋಗಿ ಉಣ್ಣುತ್ತಾರೆ. ಅವರಲ್ಲಿ ಹುಡುಗಿಯರೇ ಹೆಚ್ಚು, ಹುಡುಗರಿಗಾದರೂ ಕೈಯಲ್ಲಿ ಹತ್ತು ರೂಪಾಯಿ ಇದ್ದೀತು. ತಲೆ ಸುತ್ತಿತೆಂದು ಪ್ರಯೋಗಾಲಯದಲ್ಲಿ ಕೂತ ಹುಡುಗಿಗೆ ಊಟ ಮಾಡಿದ್ದೀಯಾ ಎಂದು ಕೇಳಿದರೆ ನಾಚಿಕೆಯಿಂದ ಹೌದೆನ್ನುತ್ತಾಳೆ. ನಮ್ಮ ಅನೇಕ ಊರುಗಳಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜು ಒಂದೇ ಆವರಣದಲ್ಲಿವೆ. ಹತ್ತನೇ ತರಗತಿಯ ತಂಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುತ್ತಾಳೆ, ಮೊದಲ ಪಿಯುಸಿಯ ಅಕ್ಕ ಅದೇ ಅಡುಗೆಮನೆಯ ಒಗ್ಗರಣೆಯ ವಾಸನೆ ಕುಡಿಯುತ್ತ ನಲ್ಲಿಯ ಹತ್ತಿರ ನೀರು ಕುಡಿದು ಹೋಗುತ್ತಾಳೆ. ಒಲೆ ಒಂದೇ, ಅಡುಗೆಯವರು ಒಬ್ಬರೇ, ಪಾತ್ರೆ ಸ್ವಲ್ಪ ದೊಡ್ಡದಾಗಬೇಕು. ಅದಕ್ಕೊಂದು ಆದೇಶ ಬೇಕು, ಆದೇಶಕ್ಕೆ ಅಂಕಿ ಬೇಕು.

ಆ ಅಂಕಿಯನ್ನು ಕೊಡಬಲ್ಲವರು ಅದೇ ತರಗತಿಯ ವಿದ್ಯಾರ್ಥಿಗಳು. ಹೆಸರು ಬರೆಯದ ಒಂದು ಚೀಟಿ ಸಾಕು: ಬೆಳಿಗ್ಗೆ ಏನು ತಿಂದೆ, ಮಧ್ಯಾಹ್ನ ಏನು ತಿಂದೆ, ಮನೆ ಎಷ್ಟು ದೂರ. ಒಂದು ವಾರ ಚೀಟಿ ಸಂಗ್ರಹಿಸಿದರೆ ಒಂದು ಕಾಲೇಜಿನ ಮಧ್ಯಾಹ್ನದ ಹಸಿವು ಎಷ್ಟು ಎಂದು ಮೊದಲ ಸಲ ಕಾಗದಕ್ಕೆ ಬರುತ್ತದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು ತಿಂಗಳಿಗೆ ಇಂತಿಷ್ಟು ಎಂದು ಹಣ ಕೊಡುವ ವಿದ್ಯಾಸಿರಿ ಯೋಜನೆಗೆ ತಮ್ಮಲ್ಲಿ ಎಷ್ಟು ಜನ ಅರ್ಜಿ ಹಾಕಿದ್ದಾರೆ, ಹಾಕದವರು ಯಾಕೆ ಹಾಕಲಿಲ್ಲ ಎಂಬುದನ್ನೂ ಅದೇ ಚೀಟಿಯಲ್ಲಿ ಕೇಳಬಹುದು. ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಚೀಟಿಗಳ ಒಟ್ಟು ಲೆಕ್ಕವನ್ನು ಒಂದು ಹಾಳೆಗೆ ಇಳಿಸಿ, ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಲು ಪ್ರಾಂಶುಪಾಲರಿಗೆ ಕೊಟ್ಟು, ಸ್ವೀಕೃತಿಯ ಸಹಿ ಪಡೆದುಕೊಳ್ಳಬೇಕು. ಸಭೆಯ ನಡವಳಿಯಲ್ಲಿ ಅದಕ್ಕೆ ಏನು ಉತ್ತರ ಬರೆದರು ಎಂದು ಆಮೇಲೆ ಕೇಳಬೇಕು. ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಪಡೆಯಬಹುದು.